ಹೊಳೆ ಪಡುವಣಕ್ಕಿದ್ದರೆ

ಹರಿಹರದಲ್ಲಿ ಹೊಳೆ ಊರಿನ ಪಡುವಣಕ್ಕಿದೆ. ಹೊನ್ನಾಳಿ ಕಡೆಯಿಂದ ಬಡಗುಮುಖವಾಗಿ ಬರುವ ತುಂಗಭದ್ರೆ ಊರನ್ನು ಬಲದಂಡೆಯಲ್ಲಿ ಉಳಿಸಿ ಮುಂದೆ ಸಾಗುತ್ತಾಳೆ. ನಮ್ಮ ದಂಡೆಯಲ್ಲಿ ನಿಂತು ನೀರು ನೋಡಬೇಕೆಂದರೆ ಮಧ್ಯಾಹ್ನದ ಮೇಲೆ ಸೂರ್ಯನನ್ನೂ ನೋಡಲೇಬೇಕು. ಸ್ನಾನಕ್ಕೆ ಬಂದವರಿಗೆ, ಸಂಕ್ರಾಂತಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ದಾವಣಗೆರೆಯಿಂದ ಬಂದವರಿಗೆ ಇದರಿಂದ ತೊಂದರೆಯಿಲ್ಲ. ಅವರು ಹೊತ್ತು ನೋಡಿ ಬರುತ್ತಾರೆ, ಹೊತ್ತು ನೋಡಿ ಹೋಗುತ್ತಾರೆ. ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ಆರರವರೆಗೆ ಒಂದೇ ಕುರ್ಚಿಯಲ್ಲಿ, ಕಂಪ್ಯೂಟರಿನ ಮುಂದೆ ಕೂರಬೇಕಾದವರಿಗೆ ಈ ದಿಕ್ಕು ದೊಡ್ಡ ಪ್ರಶ್ನೆ. ಕಟ್ಟಡದ ನಕ್ಷೆ ಮಾಡುವ ನನ್ನ ಕಸುಬಿನಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಒಂದು ಪ್ರಶ್ನೆಯೇ.

2012ರ ಸುಮಾರಿಗೆ ರೈಸ್ ಮಿಲ್ಲಿನ ಸಾಹುಕಾರರೊಬ್ಬರು ಹೇಳಿ ಕಳಿಸಿದರು. ಹರಿಹರದಿಂದ ಸ್ವಲ್ಪ ಮೇಲಕ್ಕೆ, ಹೊಳೆದಂಡೆಯಲ್ಲಿ ಅವರದೊಂದು ಜಮೀನಿತ್ತು. ಭದ್ರಾ ನಾಲೆ ಬಂದ ಮೇಲೆ ಭತ್ತದ ವ್ಯಾಪಾರದಲ್ಲಿ ಬೆಳೆದ ಮನೆತನ. ಮಿಲ್ಲಿನ ಧೂಳಿನಿಂದ ದೂರ, ಹೊಳೆ ಕಾಣುವ ಹಾಗೆ ಒಂದು ಆಫೀಸು ಬೇಕು ಎಂದರು. ಬೆಂಗಳೂರಿನಲ್ಲಿ ಓದಿ ಬಂದಿದ್ದ ಮಗ ಮೊಬೈಲಿನಲ್ಲಿ ಚಿತ್ರ ತೋರಿಸಿದ: ನೆಲದಿಂದ ಚಾವಣಿವರೆಗೂ ಗಾಜು, ಆಚೆ ನೀಲಿ ನೀರು, ಒಳಗೆ ಬಿಳಿ ಮೇಜುಗಳು. ತಂದೆಯ ಆಸೆ ಬೇರೆ. "ನಮ್ಮ ಹರಿಹರೇಶ್ವರನ ಗುಡಿ ಕಂಬ ಇದಾವಲ್ಲಮ್ಮ, ಅಂಥವು ನಾಲ್ಕು ಮುಂದೆ ನಿಲ್ಲಿಸಿಬಿಡು. ಈಗ ಫೈಬರಿನಾಗೆ ಮಾಡಿ ಕೊಡ್ತಾರಂತೆ. ಹಳೇದೂ ಆತು, ಹೊಸದೂ ಆತು" ಎಂದರು.

ಇಬ್ಬರೂ ಕೇಳಿದ್ದರಲ್ಲಿ ಆಸೆಯಿತ್ತು, ಊರಿನ ಮೇಲಿನ ಪ್ರೀತಿಯೂ ಇತ್ತು. ಆದರೆ ಗಾಜಿನ ಗೋಡೆ ಹರಿಹರದ ಬೇಸಿಗೆಗೆ ಒಲೆಯಾಗುತ್ತದೆ, ಫೈಬರ್ ಕಂಬ ಯಾವ ಭಾರವನ್ನೂ ಹೊರುವುದಿಲ್ಲ. ಎರಡನ್ನೂ ಬಾಯಲ್ಲಿ ಬೇಡವೆನ್ನುವುದಕ್ಕಿಂತ ಗುಡಿಯಲ್ಲೇ ಕೂತು ಮಾತಾಡೋಣ ಎಂದೆ. ಏಪ್ರಿಲ್ ಕೊನೆಯ ಒಂದು ದಿನ, ಊಟವಾದ ಮೇಲೆ ಮೂರು ಗಂಟೆ ಹೊತ್ತಿಗೆ ಬನ್ನಿ ಎಂದೆ. ನಮ್ಮ ಅಕ್ಷಾಂಶಕ್ಕೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುವ ದಿನಗಳವು. ಆ ಹೊತ್ತಿನಲ್ಲಿ ಒಂದು ಕಟ್ಟಡ ಮನುಷ್ಯರನ್ನು ಹೇಗೆ ಕೂರಿಸಿಕೊಳ್ಳುತ್ತದೆ ಎನ್ನುವುದೇ ಅದರ ಪರೀಕ್ಷೆ.

ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1223–24ರಲ್ಲಿ ಕಟ್ಟಿಸಿದ ಗುಡಿ ಅದು. ಗರ್ಭಗುಡಿಯ ಮೇಲಿನ ಮೂಲ ಶಿಖರ ಉಳಿದಿಲ್ಲ, ಈಗಿರುವುದು ಗಾರೆಯದು. ಮುಂದಿನ ಮಂಟಪ ಮಾತ್ರ ಹಾಗೇ ಇದೆ. ಬರಿಗಾಲಲ್ಲಿ ಅಂಗಳ ದಾಟುವಷ್ಟರಲ್ಲಿ ಅಂಗಾಲು ಸುಟ್ಟಿತು, ಮೆಟ್ಟಿಲೇರಿ ಒಳಗೆ ಹೆಜ್ಜೆಯಿಟ್ಟೊಡನೆ ಕಲ್ಲು ತಣ್ಣಗಾಯಿತು. ಸುತ್ತಲೂ ಗೋಡೆಯಿಲ್ಲದ ಮಂಟಪ. ಅಂಚಿಗೆಲ್ಲ ಒಂದು ಮೀಟರಿನಷ್ಟು ಎತ್ತರದ ಕಲ್ಲಿನ ಅರೆಗೋಡೆ, ಅದಕ್ಕೆ ಹೊಂದಿಕೊಂಡು ಕೂರುವ ಕಕ್ಷಾಸನ. ಆ ಅರೆಗೋಡೆಯ ಮೇಲೆ ಗಿಡ್ಡ ಕಂಬಗಳು, ಅವುಗಳ ಮೇಲೆ ಹೊರಕ್ಕೆ ಇಳಿಬಿದ್ದ ಕಲ್ಲಿನ ಲೋವೆ. ಹುಡುಗ ಕಕ್ಷಾಸನದ ಮೇಲೆ ಕೂತ, ಬೆನ್ನು ತಾನಾಗಿ ಹಿಂದಕ್ಕೆ ಒರಗಿತು. ಹೊರಗೆ ಅಂಗಳದ ಚಪ್ಪಡಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕೂತವನ ಕಣ್ಣಿಗೆ ಆ ಹೊಳಪು ತಾಗುತ್ತಿರಲಿಲ್ಲ.

ಏಕೆ ತಾಗುತ್ತಿಲ್ಲ ನೋಡು ಎಂದೆ. ಮೇಲಿನಿಂದ ಬೀಳುವ ಬಿಸಿಲನ್ನು ಲೋವೆ ತಡೆಯುತ್ತದೆ, ಅದು ಎಲ್ಲರಿಗೂ ಕಾಣುವ ಮಾತು. ಕೆಳಗಿನಿಂದ ಚಿಮ್ಮುವ ಬೆಳಕನ್ನು ತಡೆಯುತ್ತಿರುವುದು ಅರೆಗೋಡೆ. ನೆಲಕ್ಕೆ ಬಡಿದು ಮೇಲಕ್ಕೇಳುವ ಬಿಸಿಲು ಅರೆಗೋಡೆಯ ಹೊರಮೈಗೆ ಬಡಿದು ಅಲ್ಲೇ ನಿಲ್ಲುತ್ತದೆ, ಅದನ್ನು ದಾಟಿ ಬಂದದ್ದು ಕೂತವರ ತಲೆಯ ಮೇಲೆ ಹಾದು ಚಾವಣಿಗೆ ಹೋಗುತ್ತದೆ. ಮನುಷ್ಯನ ಪಾಲಿಗೆ ಉಳಿಯುವುದು ನಡುವಿನ ಒಂದು ಪಟ್ಟಿ: ಅಷ್ಟರಲ್ಲೇ ಗಾಳಿ, ಅಷ್ಟರಲ್ಲೇ ನೋಟ. ಹೊಳೆಯ ಕಡೆ ಮುಖ ಮಾಡಿದ ಆಫೀಸಿಗೆ ಬೇಕಾದದ್ದು ಸರಿಯಾಗಿ ಇದೇ. ಸಂಜೆಯ ಸೂರ್ಯ ನೀರಿಗೆ ಬಡಿದಾಗ ಬಿಸಿಲು ಎರಡಾಗುತ್ತದೆ, ಒಂದು ಆಕಾಶದಿಂದ, ಇನ್ನೊಂದು ಹೊಳೆಯಿಂದ. ಸೂರ್ಯ ಇಳಿದಷ್ಟೂ ನೀರಿನ ಹೊಳಪು ಏರುತ್ತದೆ. ಎಷ್ಟು ಉದ್ದದ ಸಜ್ಜಾ ಹಾಕಿದರೂ ಆ ಎರಡನೆಯದನ್ನು ತಡೆಯಲಾಗದು. ನೆಲದಿಂದಲೇ ಗಾಜು ಎಬ್ಬಿಸಿದರೆ ಅದನ್ನು ನಾವೇ ಕರೆದು ಒಳಗೆ ಕೂರಿಸಿದಂತೆ.

ಸಾಹುಕಾರರು ಅಷ್ಟು ಹೊತ್ತೂ ಒಂದು ಕಂಬದ ಮೇಲೆ ಕೈಯಾಡಿಸುತ್ತಿದ್ದರು. ಕಡೆದು ತಿರುಗಿಸಿದ ಬಳಪದ ಕಲ್ಲಿನ ಕಂಬ. ಬಳೆ ತೊಡಿಸಿದಂತೆ ಒಂದರ ಮೇಲೊಂದು ಸುತ್ತುಗೆರೆಗಳು, ಉಗುರು ಇಟ್ಟರೆ ಅದು ಸಿಕ್ಕಿಕೊಳ್ಳುವಷ್ಟು ಚೂಪು. "ಇದನ್ನ ಲೇತಿನ ಮೇಲೆ ತಿರುಗ್ಸಿದಂಗೆ ಐತಲ್ಲಮ್ಮ" ಎಂದರು. ಹರಿಹರದವರ ಬಾಯಿಂದ ಆ ಮಾತು ಬಂದಾಗ ಅದಕ್ಕೊಂದು ತೂಕ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಈ ಊರಿಗೆ ಬಂದು ಲೇತು ಮಾಡಲು ಶುರುಮಾಡಿತು. ಹರಿಹರದ ಎಷ್ಟೋ ಮನೆಗಳ ಅನ್ನ ಆ ಕಾರ್ಖಾನೆಯ ಸೈರನ್ನಿನೊಂದಿಗೆ ನಡೆಯಿತು. ಏಳು ಶತಮಾನಗಳ ಅಂತರದಲ್ಲಿ ಒಂದೇ ಊರು ಕಲ್ಲನ್ನೂ ಕಬ್ಬಿಣವನ್ನೂ ತಿರುಗಿಸಿ ಅಳತೆಗೆ ತಂದಿದೆ. ಇಂಥ ಊರಿನಲ್ಲಿ ಪೊಳ್ಳು ಕಂಬ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ ಎಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಫೈಬರಿನ ಮಾತು ಮತ್ತೆ ಬರಲಿಲ್ಲ.

ಗುಡಿಯಿಂದ ತೆಗೆದುಕೊಂಡದ್ದು ನೆರಳಿನ ಲೆಕ್ಕ. ಆದರೆ ಆಫೀಸು ಗುಡಿಯಲ್ಲ, ಅಲ್ಲಿ ದುಡ್ಡಿನ ಲೆಕ್ಕ ನಡೆಯಬೇಕು. ಆ ಸಂಪ್ರದಾಯ ದಾವಣಗೆರೆಯ ಮಂಡಿಪೇಟೆಯಲ್ಲಿತ್ತು, ಮತ್ತು ಅದು ನನಗೆ ಮನೆಯದೇ. ನಮ್ಮಪ್ಪ ಅಲ್ಲಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಬೇಸಿಗೆ ರಜದಲ್ಲಿ ಅವರಿಗೆ ಊಟದ ಕ್ಯಾರಿಯರ್ ಒಯ್ಯುವ ಕೆಲಸ ನನ್ನದು. ಬೀದಿಗೆ ಮುಖ ಮಾಡಿದ ಎದೆಯೆತ್ತರದ ಕಟ್ಟೆ. ಗಾಡಿಯಿಂದ ಚೀಲ ಇಳಿಸಲು ಆ ಎತ್ತರ ಬೇಕು. ಕಟ್ಟೆ ದಾಟಿದರೆ ಹಲಗೆ ಬಾಗಿಲು, ಒಳಗೆ ಬಿಳಿ ಬಟ್ಟೆ ಹಾಸಿದ ಗಾದಿ, ಗೋಡೆಗೆ ಲೋಡು, ಕೂತವರ ತೊಡೆಯ ಮೇಲೆ ಬರುವಷ್ಟು ಗಿಡ್ಡನೆಯ ಇಳಿಜಾರು ಮೇಜು. ಮೇಜಿನ ಮುಚ್ಚಳ ಎತ್ತಿದರೆ ಮಸಿ, ಟಾಕು, ಚಿಲ್ಲರೆ, ಒಂದು ಕುಂಕುಮದ ಡಬ್ಬಿ. ಹಿಂದೆ ಗೋದಾಮು, ಅದರ ಚಾವಣಿಯಲ್ಲಿ ಬೆಳಕಿಂಡಿ. ಕಟ್ಟೆಯ ಮೇಲೆ ಯಾವಾಗಲೂ ನಾಲ್ಕಾರು ರೈತರು ಲೆಕ್ಕದ ಪಟ್ಟಿಗಾಗಿ ಕಾಯುತ್ತ ಕೂತಿರುತ್ತಿದ್ದರು. ಪಟ್ಟಿ ಕೈಗೆ ಬಂದು ದುಡ್ಡು ಎಣಿಸಿಕೊಂಡ ಮೇಲೂ ಕೆಲವರು ಏಳುತ್ತಿರಲಿಲ್ಲ, ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಮಲಗುತ್ತಿದ್ದರು. ಯಾರೂ ಎಬ್ಬಿಸುತ್ತಿರಲಿಲ್ಲ.

ಆ ಗಾದಿಯನ್ನು ಹೊಗಳುವಾಗ ಅಪ್ಪನ ಮೊಣಕಾಲನ್ನು ಮರೆಯಲಾರೆ. ಮೂವತ್ತು ಚಿಲ್ಲರೆ ವರ್ಷ ಚಕ್ಕಳಮಕ್ಕಳ ಹಾಕಿ, ಬೆನ್ನು ಬಗ್ಗಿಸಿ ಖಾತೆ ಬರೆದವರು ಕೊನೆಗೆ ಗೋಡೆ ಹಿಡಿದು ಏಳುತ್ತಿದ್ದರು. ಹಳೆಯದರಲ್ಲಿ ಸುಖವೂ ಇತ್ತು, ದುಡಿಯುವವರ ಮೈಯನ್ನು ಸವೆಸುವ ಗುಣವೂ ಇತ್ತು. ಇಂದಿನ ಒಳ್ಳೆಯ ಕುರ್ಚಿಯನ್ನು ಪರದೇಶದ್ದೆಂದು ತಳ್ಳುವವರ ಜೊತೆ ನಾನು ಸೇರುವುದಿಲ್ಲ. ನನಗೆ ಬೇಕಾಗಿದ್ದುದು ಆ ಕಟ್ಟೆ. ಆಫೀಸಿಗೂ ಬೀದಿಗೂ ನಡುವೆ, ಕೆಲಸವಿದ್ದವರೂ ಇಲ್ಲದವರೂ ಕೂರಬಹುದಾದ, ಯಾರೂ ಎಬ್ಬಿಸದ ಆ ಜಾಗ.

ಕೆಲಸ ಶುರುವಾದದ್ದು ನೆಲದಿಂದ. ಹೊಳೆಯ ಹತ್ತಿರ ಎಷ್ಟು ಬೇಕಾದರೂ ಹೋಗಬಹುದೆಂದು ಹೊಸದಾಗಿ ಜಮೀನು ಕೊಂಡವರಿಗೆ ಅನ್ನಿಸುತ್ತದೆ. ದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದ ಹಿರಿಯರೊಬ್ಬರನ್ನು ಕರೆದು ಹೊಳೆ ಎಲ್ಲಿಯವರೆಗೆ ಬಂದದ್ದುಂಟು ಎಂದು ಕೇಳಿದೆ. ಅವರು ನಮ್ಮ ನಿವೇಶನದ ನಡುವಿನ ಬೇವಿನ ಮರದವರೆಗೆ ನಡೆದು, ಬೊಡ್ಡೆಯ ಮೇಲೆ ಎದೆಮಟ್ಟಕ್ಕೆ ಅಂಗೈ ಇಟ್ಟು, "ಇಲ್ಲಿಗಂಟ ಬಂದಿತ್ತು ತಾಯಿ. ಬರ್ತದೆ, ಅದರ ಜಾಗ ಅದು" ಎಂದರು. ಮಗನ ಚಿತ್ರದ ಆಫೀಸು ಆ ಮರಕ್ಕಿಂತಲೂ ಮುಂದಿತ್ತು. ನಾವು ಮರದಿಂದ ಬಹಳ ಹಿಂದಕ್ಕೆ, ದಿನ್ನೆಯ ಮೇಲೆ ಹೋದೆವು. ಅಲ್ಲೂ ನೆಲಮಟ್ಟವನ್ನು ಆ ಅಂಗೈಗಿಂತ ಮೇಲಕ್ಕೆ ಎತ್ತಿ, ಕೆಳಗೆ ಬರೀ ಕಂಬಗಳನ್ನು ಬಿಟ್ಟೆವು. ಮಣ್ಣು ಎರೆ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದಕ್ಕೆ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಇದೆ: ಆಳದಲ್ಲಿ ಗುಂಡಿಯನ್ನು ಗಂಟೆಯಂತೆ ಅಗಲಿಸಿ ಕಾಂಕ್ರೀಟ್ ತುಂಬುವುದು, ಮೇಲಿನ ಮಣ್ಣು ಎಷ್ಟು ಕುಣಿದರೂ ಬುಡ ಕದಲದು. ಇದು ಹೊಸ ವಿದ್ಯೆ. ಹೊಳೆಯ ಮಟ್ಟ ಹೇಳಿದ ಅಂಗೈ ಹಳೆಯದು. ಎರಡರಲ್ಲಿ ಯಾವುದನ್ನು ಬಿಟ್ಟರೂ ಕಟ್ಟಡ ಉಳಿಯುತ್ತಿರಲಿಲ್ಲ.

ಈಗ ಹೊಳೆಯ ಕಡೆಯ ಮುಖ. ಮೂರಡಿ ಎತ್ತರದ ಸೈಜುಗಲ್ಲಿನ ಅರೆಗೋಡೆ, ಒಳಗಡೆ ಅದಕ್ಕೇ ಸೇರಿದ ಕಡಪ ಕಲ್ಲಿನ ಆಸನ, ಬೆನ್ನಿಗೆ ಸ್ವಲ್ಪ ಓರೆ. ಆ ಓರೆ ಎಷ್ಟು ಎಂದು ಮೇಸ್ತ್ರಿ ಕೇಳಿದಾಗ ಮರದ ಹಲಗೆ ಆನಿಸಿ, ಬೇರೆ ಬೇರೆ ಎತ್ತರದ ಕೂಲಿಯವರನ್ನೆಲ್ಲ ಕೂರಿಸಿ, ಒಬ್ಬರೂ ಮೈ ಅಲುಗಿಸದ ಕೋನವನ್ನು ಸೀಮೆಸುಣ್ಣದಲ್ಲಿ ಗೆರೆ ಎಳೆದು ಗುರುತು ಮಾಡಿದೆವು. ಅರೆಗೋಡೆಯ ಮೇಲೆ ನಾಲ್ಕಡಿ ಬಯಲು, ಅದರ ಮೇಲೆ ಆರಡಿ ಚಾಚಿದ ಮಂಗಳೂರು ಹೆಂಚಿನ ಮಾಡು. ಈ ಜಗಲಿಯ ಹಿಂದೆ, ಒಳಗೆ ಸರಿದು, ಗಾಜು. ಹುಡುಗನಿಗೆ ಗಾಜು ಸಿಕ್ಕಿತು, ಅದರ ಮೇಲೆ ಬಿಸಿಲು ಬೀಳಲಿಲ್ಲ. ಇಷ್ಟಾದರೂ ಐದು ಗಂಟೆಯ ಮೇಲಿನ ಸೂರ್ಯ ಲೋವೆಯ ಅಡಿಯಿಂದ ನುಸುಳುತ್ತಾನೆ. ಅವನಿಗಾಗಿ ಚನ್ನಗಿರಿಯಿಂದ ಅಡಿಕೆ ದಬ್ಬೆ ತರಿಸಿದೆವು. ದಬ್ಬೆಗಳನ್ನು ಬೆರಳಗಲದ ಸಂದಿ ಬಿಟ್ಟು ಹಗ್ಗಕ್ಕೆ ಪೋಣಿಸಿ, ಸುರುಳಿ ಸುತ್ತಿ ಮೇಲೆ ಕಟ್ಟಿದರೆ ತಡಿಕೆ ಸಿದ್ಧ. ಸಂಜೆ ಹಗ್ಗ ಬಿಚ್ಚಿದರೆ ಇಳಿಯುತ್ತದೆ, ಸಂದಿಗಳಲ್ಲಿ ಹೊಳೆ ಗೆರೆಗೆರೆಯಾಗಿ ಕಾಣುತ್ತಲೇ ಇರುತ್ತದೆ. ಬಣ್ಣದ ಗಾಜು ಹೊಳೆಯನ್ನು ಹಗಲಿಡೀ ಮಂಕಾಗಿಸುತ್ತದೆ. ದಬ್ಬೆಗೆ ಆ ದೋಷವಿಲ್ಲ, ಗೆದ್ದಲು ಹತ್ತದಂತೆ ಎಣ್ಣೆ ಬಳಿಯುತ್ತಿರಬೇಕು ಅಷ್ಟೆ.

ಮುಂಗಾರಿನ ಗಾಳಿ ಬರುವುದೂ ಅದೇ ಪಡುವಣದಿಂದ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೊಳೆಯ ಮೇಲಿನಿಂದ ಬೀಸುವ ಗಾಳಿಯನ್ನು ಒಳಗೆ ಬಿಟ್ಟು, ಮೂಡಣ ಗೋಡೆಯಲ್ಲಿ ಎತ್ತರಕ್ಕೆ ಇಟ್ಟ ಕಿಂಡಿಗಳಿಂದ ಹೊರಗೆ ಕಳಿಸಿದೆವು. ಅದಕ್ಕಿಂತ ಮುಂಚಿನ ಒಣ ಬೇಸಿಗೆಯಲ್ಲಿ, ಹೊಳೆ ಮಡುಗಳಾಗಿ ನಿಂತಾಗ, ಜಗಲಿಯ ತುದಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಾರೆ. ಏ.ಸಿ. ಇದೆ. ಮೂಡಣ ಕಡೆಯ ಎರಡು ಕೋಣೆಗಳಿಗೆ ಮಾತ್ರ, ಒಂದು ಕಂಪ್ಯೂಟರ್ ಸರ್ವರ್‌ಗೆ, ಒಂದು ದೊಡ್ಡ ಮಾತುಕತೆಗೆ. ಕೆಲಸದ ಮೇಜುಗಳನ್ನು ಹೊಳೆಗೆ ಎದುರಾಗಿಯೂ ಇಡಲಿಲ್ಲ, ಬೆನ್ನಾಗಿಯೂ ಇಡಲಿಲ್ಲ, ಪಕ್ಕಕ್ಕೆ ಇಟ್ಟೆವು. ಎದುರಾದರೆ ಕಣ್ಣು ನೋಯುತ್ತದೆ, ಬೆನ್ನಾದರೆ ಪರದೆಯ ಮೇಲೆ ಹೊಳೆಯೇ ಮಿನುಗುತ್ತದೆ. ಪಕ್ಕಕ್ಕಿದ್ದರೆ ಕತ್ತು ತಿರುಗಿಸಿದಾಗ ಮಾತ್ರ ನೀರು, ಮತ್ತು ಕತ್ತು ತಿರುಗಿಸುವುದು ಕಣ್ಣಿಗೆ ಒಳ್ಳೆಯದು. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ಊಟಕ್ಕೊಂದು ಕೋಣೆ, ಎಲ್ಲ ಹೇಳಬೇಕಾದ್ದಿಲ್ಲ. ಗಾದಿಯೂ ಬಂತು: ಮಾತುಕತೆಯ ಕೋಣೆಯಲ್ಲಿ ಒಂದೂವರೆ ಅಡಿ ಎತ್ತರದ ಹಲಗೆ, ಮೇಲೆ ಹಾಸಿಗೆ, ಲೋಡು. ಎತ್ತರವಿರುವುದರಿಂದ ಕಾಲು ಇಳಿಬಿಟ್ಟೂ ಕೂರಬಹುದು, ಮಡಚಿಯೂ ಕೂರಬಹುದು. ಅದರ ಎತ್ತರ ಗೊತ್ತು ಮಾಡುವಾಗ ನನ್ನ ಕಣ್ಮುಂದಿದ್ದದ್ದು ಅಪ್ಪ.

ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಈ ಆಫೀಸಿನಿಂದ ಹೊಳೆಗೆ ಒಂದು ಲೋಟ ಕೊಳಕು ನೀರೂ ಹೋಗಕೂಡದು. ದಾವಣಗೆರೆ ನಗರ ಕುಡಿಯುವುದು ಇದೇ ಹೊಳೆಯ ನೀರು, ರಾಜನಹಳ್ಳಿಯಲ್ಲಿ ಎತ್ತಿ ಕಳಿಸುತ್ತಾರೆ. ನಮ್ಮ ಮನೆಗಳ ಗೋಡೆಗಳೆಲ್ಲ ಇದೇ ಹೊಳೆಯ ಮರಳಿನವು. ಅಷ್ಟು ತೆಗೆದುಕೊಂಡ ಮೇಲೆ ಚರಂಡಿಯನ್ನು ಅತ್ತ ತಿರುಗಿಸುವುದು ನನ್ನ ಕೈಯಿಂದ ಆಗದು. ಕಟ್ಟಡದ ಮೂಡಣಕ್ಕೆ, ಹೊಳೆಯಿಂದ ದೂರ, ತೊಟ್ಟಿಗಳಲ್ಲಿ ನೀರು ತಿಳಿಯಾಗಿ, ಜಲ್ಲಿ ತುಂಬಿದ ಮಡಿಯಲ್ಲಿ ಜೊಂಡಿನ ಬೇರಿಗೆ ಇಳಿದು, ಅಲ್ಲಿಂದ ಬಾಳೆಗಿಡಗಳಿಗೆ ಹೋಗುತ್ತದೆ. ಇನ್ನೊಂದು, ಜಮೀನಿನ ಅಂಚಿನಲ್ಲಿ ಹೊಳೆಗೆ ಇಳಿಯುವ ಹಳೆಯ ಕಾಲುದಾರಿ. ದನ ಹೊಡೆದುಕೊಂಡು, ಬಟ್ಟೆ ಗಂಟು ಹೊತ್ತು ಹಳ್ಳಿಯವರು ತಿರುಗಾಡುವ ದಾರಿ. ಕಾಂಪೌಂಡ್ ಹಾಕಿದರೆ ಅದು ಮುಚ್ಚುತ್ತಿತ್ತು. ಸಾಹುಕಾರರು ತಾವಾಗಿಯೇ "ಅದು ಅವರ ದಾರಿ, ಬಿಡು" ಎಂದು ಗೋಡೆಯನ್ನು ಒಳಕ್ಕೆ ಸರಿಸಿದರು. ಆ ಮಾತಿಗೆ ನನ್ನ ಮನಸ್ಸಿನಲ್ಲಿ ಅವರ ಮೇಲಿನ ಗೌರವ ಬೆಳೆಯಿತು.

2019ರ ಆಗಸ್ಟಿನಲ್ಲಿ ಹೊಳೆ ಬಂತು. ಹರಿಹರದ ಗಂಗಾನಗರದಂಥ ತಗ್ಗಿನ ಜಾಗಗಳಿಗೆ ನೀರು ನುಗ್ಗಿ ಜನ ಮನೆ ಬಿಟ್ಟು ಬರಬೇಕಾಯಿತು. ಆಫೀಸಿನ ಕಂಬಗಳ ನಡುವೆ ನೀರು ಓಡಾಡಿ, ಕಸಕಡ್ಡಿ ಬಿಟ್ಟು ಹೋಯಿತು. ಮೇಲೆ ಒಂದು ಕಡತವೂ ನೆನೆಯಲಿಲ್ಲ. ಆ ವಾರ ಜಗಲಿಯ ಮೇಲೆ ಹತ್ತಿರದ ಕೆಲವು ಮನೆಯವರ ಹಾಸಿಗೆ, ಪಾತ್ರೆ, ಭತ್ತದ ಚೀಲ ತುಂಬಿದ್ದವು ಎಂದು ಆಮೇಲೆ ಕೇಳಿದೆ. ನಕ್ಷೆಯಲ್ಲಿ ನಾನು ಅದಕ್ಕೆ ಜಾಗ ಗುರುತಿಸಿರಲಿಲ್ಲ. ಅರೆಗೋಡೆಯ ಆಸನ ಎಲ್ಲವನ್ನೂ ಹಿಡಿಸಿತು.

ಇಂಥ ಕೆಲಸ ನಮ್ಮಲ್ಲಿ ಮಾತ್ರ ನಡೆಯುತ್ತಿದೆಯೆಂದೇನಲ್ಲ. ಶ್ರೀಲಂಕಾದ ಜೆಫ್ರಿ ಬಾವಾ ಕೋಟ್ಟೆಯಲ್ಲಿ ಜೌಗು ತೋಡಿ ಕೆರೆ ಮಾಡಿ, ಅದರ ನಡುವೆ ಕಟ್ಟಿದ ಸಂಸತ್ ಭವನ 1982ರಲ್ಲಿ ತೆರೆಯಿತು. ನೀರಿನ ಮೇಲೆ ತಗ್ಗಾಗಿ ಇಳಿದ ತಾಮ್ರದ ದೊಡ್ಡ ಮಾಡುಗಳು, ಅವುಗಳ ಅಡಿಯಲ್ಲಿ ಉದ್ದಕ್ಕೂ ಜಗಲಿ. ಸಿಂಹಳದ ಹಳೆಯ ಮನೆಯ ಮಾಡು ಅಲ್ಲಿ ರಾಜ್ಯಭಾರದ ಕಚೇರಿಯಾಗಿದೆ. ಬೆಂಗಳೂರಿನ ಐ.ಐ.ಎಂ.ನಲ್ಲಿ ಬಿ.ವಿ. ದೋಶಿ ಮಾಡಿದ ಕಲ್ಲಿನ ಓಣಿಗಳಲ್ಲೂ ಅದೇ ಗುಣವಿದೆ: ಕೋಣೆಗಿಂತ ಕೋಣೆಯ ಹೊರಗಿನ ನೆರಳಿನ ಮೇಲೆ ಹೆಚ್ಚು ಯೋಚನೆ. ಇವರಾರೂ ಹಳೆಯ ಶಿಲ್ಪವನ್ನು ಅಚ್ಚು ತೆಗೆದು ಅಂಟಿಸಲಿಲ್ಲ. ಅಲಂಕಾರವನ್ನು ನಕಲು ಮಾಡುವುದು ಸುಲಭ, ಅದು ಒಂದು ಮಳೆಗಾಲಕ್ಕೆ ಬಣ್ಣ ಬಿಡುತ್ತದೆ. ಮೈಗೆ ಹಿತವಾಗುವ ಅಳತೆಯನ್ನು ಹಿಡಿಯಲು ಗುಡಿಯಲ್ಲಿ ಕೂರಬೇಕು, ಹೊಳೆಯ ಮಟ್ಟ ಬಲ್ಲವರನ್ನು ಕೇಳಬೇಕು. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ.

ಈಗ ಕೈಯಲ್ಲಿರುವುದು ದಾವಣಗೆರೆಯದೇ ಒಂದು ಕೆಲಸ, ಕುಂದವಾಡ ಕೆರೆಯ ಕಡೆ. ಭದ್ರಾ ನಾಲೆಯ ನೀರನ್ನು ಬೇಸಿಗೆಗೆಂದು ಊರು ಕೂಡಿಡುವ ಕೆರೆ ಅದು. ಹೊಳೆಯ ಹಾಗಲ್ಲ, ಸುತ್ತ ಏರಿ, ಏರಿಯ ಮೇಲೆ ಬೆಳಗ್ಗೆ ಸಂಜೆ ಊರಿಗೆ ಊರೇ ನಡೆಯುತ್ತದೆ. ಹತ್ತಿರದ ಗಾಜಿನ ಮನೆ ನೋಡಿ ಬಂದ ಹುಡುಗರು, ಸಾಫ್ಟ್‌ವೇರ್ ಕೆಲಸದವರು, ಮತ್ತೆ ಗಾಜು ಕೇಳುತ್ತಿದ್ದಾರೆ. ಗಿಡಗಳಿಗೆ ಆ ಬೆಳಕು ಬೇಕು, ಕೋಡ್ ಬರೆಯುವವರಿಗೆ ಬೇಡ ಎಂದೆ, ಅದು ಅವರಿಗೆ ಒಪ್ಪಿಗೆಯಾಯಿತು. ನೆಲಮಟ್ಟದಿಂದ ನೀರು ಕಾಣುವುದಿಲ್ಲ, ಏರಿ ಅಡ್ಡ ಬರುತ್ತದೆ. ಆದ್ದರಿಂದ ಕೆಲಸದ ಕೋಣೆಗಳು ಮೊದಲ ಮಹಡಿಗೆ ಹೋಗಿವೆ. ಕೆಳಗೆ ಉಳಿದ ಜಾಗದಲ್ಲಿ ಬೀದಿಗೆ ಮುಖ ಮಾಡಿ ಒಂದು ಉದ್ದನೆಯ ಜಗಲಿ ಇಟ್ಟಿದ್ದೇನೆ, ವಾಕಿಂಗ್ ಮುಗಿಸಿ ಬರುವ ವಯಸ್ಸಾದವರು ಐದು ನಿಮಿಷ ಕೂತು ಹೋಗಲಿ ಎಂದು. "ಮೇಡಂ, ಹೊರಗಿನವರು ಬಂದು ಕೂತ್ರೆ ಸೆಕ್ಯುರಿಟಿ ಹೆಂಗೆ?" ಎಂದು ಹುಡುಗರ ಪ್ರಶ್ನೆ. ಬೀಗ, ಕ್ಯಾಮೆರಾ, ಕಾವಲುಗಾರ ಎಲ್ಲವೂ ಜಗಲಿಯ ಹಿಂದಿನ ಬಾಗಿಲಲ್ಲಿ ಇರಲಿ, ಜಗಲಿಗೆ ಬೇಡ ಎಂದು ಹೇಳಿ, ಕಾಂಪೌಂಡ್ ಗೋಡೆಯನ್ನು ಜಗಲಿಯ ಹಿಂದಕ್ಕೆ ಸರಿಸಿದ ನಕ್ಷೆಯನ್ನು ಮೊನ್ನೆ ಕೊಟ್ಟು ಬಂದಿದ್ದೇನೆ. ಮುಂದಿನ ವಾರ ಹೇಳುತ್ತೇವೆ ಎಂದಿದ್ದಾರೆ.